ಆನ್ ಆಗದ ದಿನ ಥಿಂಕ್‌ಪ್ಯಾಡ್ ಟಿ480 ಹೇಗೆ? ಹಳೇ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಒಂದು ವಿಮರ್ಶೆ

ಲ್ಯಾಪ್‌ಟಾಪ್ ವಿಮರ್ಶೆ ಎಂದರೆ ಸಾಮಾನ್ಯವಾಗಿ ಸ್ಕ್ರೀನ್ ಹೇಗಿದೆ, ಕೀಬೋರ್ಡ್ ಹೇಗಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬಲ್ಲಿಗೆ ಮುಗಿದುಹೋಗುತ್ತದೆ. ವಾರಂಟಿ ಇರುವ ಹೊಸ ಯಂತ್ರಕ್ಕೆ ಅಷ್ಟು ಸಾಕು. ಆದರೆ ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಹಳೇ ಯಂತ್ರವನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಕೊಳ್ಳುವವರು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಪವರ್ ಬಟನ್ ಒತ್ತಿದರೂ ಏಳದ ದಿನ ಬಂದರೆ, ದೋಷ ಎಲ್ಲಿದೆ ಎಂದು ಮನೆಯಲ್ಲೇ ಪತ್ತೆ ಮಾಡಲು ಈ ಯಂತ್ರ ಬಿಡುತ್ತದೆಯೇ? ಲೆನೊವೊದ ಥಿಂಕ್‌ಪ್ಯಾಡ್ ಟಿ480 ಅನ್ನು ಇಲ್ಲಿ ಅದೊಂದೇ ಕಣ್ಣಿನಿಂದ ನೋಡಿದ್ದೇವೆ.

ಇದು 2018ರಲ್ಲಿ ಬಂದ ಮಾಡೆಲ್. ಹೆಚ್ಚಿನವುಗಳಲ್ಲಿ ಇಂಟೆಲ್‌ನ 8ನೇ ತಲೆಮಾರಿನ ಕೋರ್ ಐ5 ಅಥವಾ ಐ7 ಇರುತ್ತದೆ. ಡಿಡಿಆರ್4 ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, ಯಾವುದನ್ನೂ ಬೋರ್ಡಿಗೆ (ಮದರ್‌ಬೋರ್ಡಿಗೆ) ಬೆಸುಗೆ ಹಾಕಿಲ್ಲ. ಒಳಗೊಂದು, ಹಿಂದೆ ಕೈಯಲ್ಲೇ ತೆಗೆಯಬಹುದಾದದ್ದೊಂದು, ಹೀಗೆ ಎರಡು ಬ್ಯಾಟರಿ. ಎಸ್‌ಎಸ್‌ಡಿ, ವೈಫೈ ಕಾರ್ಡ್, ಬಯೋಸ್‌ನ (ವಿಂಡೋಸ್‌ಗೂ ಮುಂಚೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶ) ಕಾಯಿನ್ ಸೆಲ್ ಎಲ್ಲವೂ ಬಿಡಿ ಭಾಗಗಳೇ. 14 ಇಂಚಿನ ಟಿ ಸರಣಿಯಲ್ಲಿ ಹೊರಗಿನಿಂದ ಬ್ಯಾಟರಿ ತೆಗೆಯಬಹುದಾಗಿದ್ದ ಕೊನೆಯ ಮಾಡೆಲ್ ಇದು. ಮುಂದೆ ಬಂದ ಟಿ490ರಲ್ಲಿ ಆ ಸೌಲಭ್ಯ ಹೋಯಿತು, ರ‍್ಯಾಮ್‌ನ ಒಂದು ಭಾಗವೂ ಬೋರ್ಡಿಗೆ ಅಂಟಿಕೊಂಡಿತು. ಏಳದ ಯಂತ್ರವನ್ನು ರಿಪೇರಿ ಮಾಡುವುದೆಂದರೆ ಒಂದೊಂದೇ ಭಾಗವನ್ನು ಬಿಡಿಸಿ, ಯಾವುದನ್ನು ತೆಗೆದಾಗ ಏಳುತ್ತದೆ ಎಂದು ನೋಡುವುದು. ಬಿಡಿಸಲು ಬಂದಷ್ಟೂ ರಿಪೇರಿ ಸುಲಭ. ಆ ಲೆಕ್ಕದಲ್ಲಿ ಟಿ480 ನಮ್ಮ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುವ ಯಂತ್ರಗಳಲ್ಲಿ ಅತ್ಯುತ್ತಮವಾದದ್ದು. ಒಂದು ಜಾಗದಲ್ಲಿ ಮಾತ್ರ ಇದು ಕೈಕೊಡುತ್ತದೆ. ಅದನ್ನು ಕೆಳಗೆ ವಿವರವಾಗಿಯೇ ಹೇಳಿದ್ದೇವೆ, ಏಕೆಂದರೆ ಕೊಳ್ಳುವಾಗ ಗೊತ್ತಿರಲೇಬೇಕಾದ ವಿಷಯ ಅದು.

ಮೊದಲು ಯಂತ್ರ ಎಷ್ಟರ ಮಟ್ಟಿಗೆ ಜೀವಂತವಾಗಿದೆ ನೋಡಿ

"ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ" ಎಂಬ ಒಂದೇ ದೂರಿನೊಳಗೆ ನಾಲ್ಕು ಬೇರೆ ಬೇರೆ ದೋಷಗಳಿರುತ್ತವೆ. ಲೈಟೇ ಬರುವುದಿಲ್ಲ. ಲೈಟ್ ಬರುತ್ತದೆ, ಸ್ಕ್ರೀನ್ ಕಪ್ಪು. ಲೋಗೋ ಬಂದು ಅಲ್ಲೇ ನಿಲ್ಲುತ್ತದೆ ಅಥವಾ ಒಂದು ನಂಬರ್ ತೋರಿಸುತ್ತದೆ. ವಿಂಡೋಸ್ ಶುರುವಾಗಿ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಈ ನಾಲ್ಕರಲ್ಲಿ ನಿಮ್ಮದು ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆಯೇ. ಇದನ್ನು ಹೇಳಿಕೊಡುವ ಗುರುತುಗಳನ್ನು ಟಿ480 ಚೆನ್ನಾಗಿ ಇಟ್ಟುಕೊಂಡಿದೆ.

ಆಫ್ ಆಗಿರುವ ಯಂತ್ರಕ್ಕೆ ಚಾರ್ಜರ್ ಸಿಕ್ಕಿಸಿ. ಪವರ್ ಬಟನ್‌ನ ಲೈಟೂ, ಮುಚ್ಚಳದ ಮೇಲಿನ ಥಿಂಕ್‌ಪ್ಯಾಡ್ ಲೋಗೋದಲ್ಲಿರುವ ಕೆಂಪು ಚುಕ್ಕಿಯೂ ಮೂರು ಸಲ ಮಿನುಗಬೇಕು. ಮಿನುಗಿದರೆ ಚಾರ್ಜರಿನಿಂದ ಬೋರ್ಡಿಗೆ ಕರೆಂಟ್ ತಲುಪಿದೆ, ಬೋರ್ಡ್ ಅದನ್ನು ಗುರುತಿಸಿದೆ ಎಂದರ್ಥ. ಆಮೇಲೆ ಪವರ್ ಬಟನ್ ಒತ್ತಿ, ಸ್ಕ್ರೀನ್ ಕಪ್ಪಾಗಿದ್ದರೂ ಎಫ್‌ಎನ್ ಜೊತೆ ಸ್ಪೇಸ್ ಬಾರ್ ಒತ್ತಿ ನೋಡಿ. ಬ್ಯಾಕ್‌ಲಿಟ್ ಕೀಬೋರ್ಡ್ ಇರುವ ಯಂತ್ರವಾದರೆ ಬೆಳಕು ಬರಬೇಕು. ಬ್ಯಾಕ್‌ಲೈಟ್ ಇಲ್ಲದಿದ್ದರೆ ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿ, ಎಸ್ಕೇಪ್ ಕೀ ಮೇಲಿನ ಪುಟ್ಟ ದೀಪ ಹತ್ತಿ ಆರುತ್ತದೆಯೇ ಗಮನಿಸಿ. ಅದು ಸ್ಪಂದಿಸಿದರೆ ಕೀಬೋರ್ಡ್, ಪವರ್ ಎಲ್ಲವನ್ನೂ ನೋಡಿಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಚಿಪ್ ಕೆಲಸ ಮಾಡುತ್ತಿದೆ. "ಬೋರ್ಡ್ ಡೆಡ್ ಆಗಿದೆ" ಎಂದು ಯಾರಾದರೂ ಹೇಳಿದರೆ ಈ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ.

ಲೈಟೇ ಇಲ್ಲದಿದ್ದರೆ

ಟಿ480 ಯುಎಸ್‌ಬಿ ಸಿ ಮೂಲಕ ಮಾತ್ರ ಚಾರ್ಜ್ ಆಗುತ್ತದೆ. ಹಿಂದಿನ ಟಿ470ರಲ್ಲಿ ಇದರ ಜೊತೆಗೆ ಆಯತಾಕಾರದ ಹಳೇ ಚಾರ್ಜಿಂಗ್ ಪಿನ್ನೂ ಇತ್ತು. ಟಿ480ರಲ್ಲಿ ಅದನ್ನು ತೆಗೆದುಬಿಟ್ಟರು. ಎಡಗಡೆ ಎರಡು ಸಿ ಪೋರ್ಟ್ ಇವೆ, ಎರಡರಿಂದಲೂ ಚಾರ್ಜ್ ಆಗಬೇಕು. ಹಾಗಾಗಿ ಮೊದಲ ಕೆಲಸ ಇನ್ನೊಂದು ಪೋರ್ಟಿಗೆ ಹಾಕಿ ನೋಡುವುದು. ಎಷ್ಟೋ ಯಂತ್ರಗಳಲ್ಲಿ ವರ್ಷಗಟ್ಟಲೆ ಒಂದೇ ಪೋರ್ಟ್ ಬಳಸಿ ಅದು ಸಡಿಲವಾಗಿರುತ್ತದೆ, ಇಲ್ಲವೇ ಒಳಗೆ ಧೂಳು, ಬಟ್ಟೆಯ ನಾರು ತುಂಬಿ ಪ್ಲಗ್ ಪೂರ್ತಿ ಕೂತಿರುವುದಿಲ್ಲ. ಚಾರ್ಜರ್ ತೆಗೆದು, ಟಾರ್ಚ್ ಬಿಟ್ಟು ನೋಡಿ. ಹಲ್ಲು ಚುಚ್ಚುವ ಮರದ ಕಡ್ಡಿಯಿಂದ ಮೆಲ್ಲಗೆ ಎಳೆದು ತೆಗೆಯಿರಿ, ಪಿನ್ನು ಸೂಜಿ ಹಾಕಬೇಡಿ. ಮಧ್ಯದ ನಾಲಿಗೆ ಮುರಿದರೆ ಪೋರ್ಟನ್ನೇ ಬದಲಿಸಬೇಕಾಗುತ್ತದೆ.

ಚಾರ್ಜರ್ 45 ಅಥವಾ 65 ವಾಟಿನದ್ದಾಗಿರಬೇಕು. ವಾಟ್ ಒಂದೇ ನೋಡಿದರೆ ಸಾಲದು, ಅದು 20 ವೋಲ್ಟ್ ಕೊಡಬೇಕು. ಚಾರ್ಜರಿನ ಮೇಲೆ ಸಣ್ಣಕ್ಷರದಲ್ಲಿ ಬರೆದಿರುವ ಸಾಲಿನಲ್ಲಿ 20 ವೋಲ್ಟ್ ಇದೆಯೇ ಓದಿ. ಮೊಬೈಲಿನ ಜೊತೆ ಬರುವ "ಫಾಸ್ಟ್ ಚಾರ್ಜರ್"ಗಳು ಆ ಮೊಬೈಲ್ ಕಂಪನಿಯದೇ ವಿಧಾನದಲ್ಲಿ ಹೆಚ್ಚು ವಾಟ್ ಕೊಡುತ್ತವೆ, ಲ್ಯಾಪ್‌ಟಾಪ್ ಕಂಡಾಗ 5 ಅಥವಾ 9 ವೋಲ್ಟಿಗೇ ನಿಲ್ಲುತ್ತವೆ. ಆಗ ಯಂತ್ರ ಸತ್ತಂತೆಯೇ ಕಾಣುತ್ತದೆ.

ಇಲ್ಲಿ ಒಂದು ಸಣ್ಣ ಸಾಧನ ಬಹಳ ಕೆಲಸಕ್ಕೆ ಬರುತ್ತದೆ. ಯುಎಸ್‌ಬಿ ಸಿ ಮೀಟರ್ ಎಂದು ಕೇಳಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಚಾರ್ಜರ್ ಕೇಬಲ್ಲಿಗೂ ಲ್ಯಾಪ್‌ಟಾಪಿಗೂ ನಡುವೆ ಸಿಕ್ಕಿಸಿದರೆ ವೋಲ್ಟ್, ಆಂಪ್ ಎರಡನ್ನೂ ತೋರಿಸುತ್ತದೆ. ಯುಎಸ್‌ಬಿ ಸಿ ಚಾರ್ಜರ್ ಮೊದಲು 5 ವೋಲ್ಟಿನಿಂದ ಶುರು ಮಾಡಿ, ಲ್ಯಾಪ್‌ಟಾಪ್ ಕೇಳಿದ ಮೇಲೆ 20ಕ್ಕೆ ಏರುತ್ತದೆ. ಮೀಟರ್ ಒಂದೆರಡು ಕ್ಷಣದಲ್ಲಿ 5ರಿಂದ 20ಕ್ಕೆ ಜಿಗಿದು, ಒಂದು ಆಂಪಿನಿಂದ ಮೂರು ಆಂಪಿನ ನಡುವೆ ತೋರಿಸಿದರೆ ಚಾರ್ಜಿಂಗ್ ಸರಿಯಿದೆ. 20ಕ್ಕೆ ಏರಿ ಆಂಪ್ ಸೊನ್ನೆಯಲ್ಲೇ ನಿಂತಿತೆಂದರೆ ಮಾತುಕತೆ ಆಗಿದೆ, ಮುಂದೆ ಬೋರ್ಡಿನೊಳಗೆ ಎಲ್ಲೋ ತಡೆದಿದೆ. ಬ್ಯಾಟರಿ ಪೂರ್ತಿ ತುಂಬಿ ಯಂತ್ರ ಆಫ್ ಆಗಿದ್ದಾಗಲೂ ಆಂಪ್ ಸೊನ್ನೆಯ ಹತ್ತಿರವೇ ಇರುತ್ತದೆ, ಅದನ್ನು ದೋಷ ಎಂದುಕೊಳ್ಳಬೇಡಿ. ಒಳ್ಳೆಯ ಚಾರ್ಜರ್ ಇದ್ದೂ 5 ವೋಲ್ಟಿನಲ್ಲೇ ಕೂತರೆ ಕೇಬಲ್, ಪೋರ್ಟ್, ಇಲ್ಲವೇ ಮುಂದೆ ಹೇಳುವ ಥಂಡರ್‌ಬೋಲ್ಟ್ ದೋಷದ ಕಡೆ ಬೆರಳು ತೋರುತ್ತದೆ. 20ಕ್ಕೆ ಹೋಗಿ ಮತ್ತೆ 5ಕ್ಕೆ ಬಿದ್ದು, ಹೀಗೆಯೇ ಏರಿಳಿಯುತ್ತಿದ್ದರೆ ಬೋರ್ಡಿನಲ್ಲಿ ಶಾರ್ಟ್ ಇರುವ ಸಾಧ್ಯತೆ ಹೆಚ್ಚು. ಆ ಸ್ಥಿತಿಯಲ್ಲಿ ಮತ್ತೆ ಮತ್ತೆ ಪ್ಲಗ್ ಹಾಕಿ ತೆಗೆದು ಮಾಡಬೇಡಿ.

ಇನ್ನು ಎಲ್ಲರೂ ಹೇಳುವ ಉಪಾಯ: ಬ್ಯಾಟರಿ ತೆಗೆದು, ಚಾರ್ಜರ್ ತೆಗೆದು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಟಿ480ರಲ್ಲಿ ಇದು ಅರ್ಧ ಕೆಲಸ ಮಾತ್ರ. ಹಿಂದಿನ ಬ್ಯಾಟರಿ ತೆಗೆದರೂ ಒಳಗೆ 24 ವಾಟ್ ಅವರ್‌ನ ಇನ್ನೊಂದು ಬ್ಯಾಟರಿ ಬೋರ್ಡಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಅದಕ್ಕೆಂದೇ ತಳಭಾಗದಲ್ಲಿ ಎಮರ್ಜೆನ್ಸಿ ರೀಸೆಟ್ ತೂತು ಇಟ್ಟಿದ್ದಾರೆ. ಚಾರ್ಜರ್ ತೆಗೆದು, ನೇರ ಮಾಡಿದ ಪೇಪರ್ ಕ್ಲಿಪ್ ಅಥವಾ ಮೊಬೈಲಿನ ಸಿಮ್ ಪಿನ್ನಿನಿಂದ ಅದರೊಳಗಿನ ಬಟನ್ ಅನ್ನು ಒತ್ತಿ. ಸಣ್ಣಗೆ "ಟಿಕ್" ಎಂದ ಅನುಭವ ಬೆರಳಿಗೆ ಆಗಬೇಕು. ಒಂದು ನಿಮಿಷ ಬಿಟ್ಟು ಚಾರ್ಜರ್ ಹಾಕಿ ಪವರ್ ಬಟನ್ ಒತ್ತಿ. ಸ್ಲೀಪ್‌ನಲ್ಲಿ ಸಿಕ್ಕಿಹಾಕಿಕೊಂಡ, ಲೈಟ್ ಮಿನುಗುತ್ತಾ ಯಾವುದಕ್ಕೂ ಜಗ್ಗದ ಯಂತ್ರಗಳು ಇಷ್ಟಕ್ಕೇ ಏಳುವುದುಂಟು. ಡೇಟಾಗೆ ಏನೂ ಆಗುವುದಿಲ್ಲ, ಸೇವ್ ಮಾಡದ ಕೆಲಸ ಮಾತ್ರ ಹೋಗುತ್ತದೆ.

ಹಿಂದಿನ ಬ್ಯಾಟರಿ ಬೇರೆ ಮಾಡೆಲ್‌ಗಳಿಗೂ ಹೊಂದುವಂಥದ್ದು. ಟಿ470, ಟಿ570, ಟಿ580 ಇವುಗಳಲ್ಲಿಯೂ 61 ಎಂಬ ಇದೇ ಸರಣಿಯ ಬ್ಯಾಟರಿ ಬಳಕೆಯಾಗಿದೆ. ಆಫೀಸಿನಲ್ಲೋ ಗೆಳೆಯರ ಬಳಿಯೋ ಇಂಥ ಯಂತ್ರವಿದ್ದರೆ, ಅದರಲ್ಲಿ ಚಾರ್ಜ್ ಆದ ಬ್ಯಾಟರಿಯನ್ನು ನಿಮ್ಮದಕ್ಕೆ ಹಾಕಿ. ಯಂತ್ರ ಎದ್ದರೆ ದೋಷ ಚಾರ್ಜಿಂಗ್ ದಾರಿಯಲ್ಲಿ ಮಾತ್ರ ಇದೆ ಎಂದು ಖಚಿತವಾಗುತ್ತದೆ, ಫೈಲುಗಳನ್ನು ಬ್ಯಾಕಪ್ ಮಾಡಿಕೊಳ್ಳಲು ಸಮಯವೂ ಸಿಗುತ್ತದೆ. ಬ್ಯಾಟರಿ ಅಂಟಿಸಿಟ್ಟ ಲ್ಯಾಪ್‌ಟಾಪುಗಳಲ್ಲಿ ಇಂಥ ಪರೀಕ್ಷೆಯೇ ಸಾಧ್ಯವಿಲ್ಲ.

ಥಂಡರ್‌ಬೋಲ್ಟ್: ಈ ಯಂತ್ರದ ನಿಜವಾದ ದುರ್ಬಲ ಜಾಗ

ಎರಡು ಸಿ ಪೋರ್ಟುಗಳಲ್ಲಿ ಮಿಂಚಿನ ಗುರುತು ಇರುವುದು ಥಂಡರ್‌ಬೋಲ್ಟ್ 3, ಅಂದರೆ ಒಂದೇ ಕೇಬಲ್ಲಿನಲ್ಲಿ ಹೆಚ್ಚು ವೇಗದ ಡೇಟಾ, ಮಾನಿಟರ್, ಚಾರ್ಜಿಂಗ್ ಎಲ್ಲವನ್ನೂ ಸಾಗಿಸುವ ಪೋರ್ಟ್. ಇದರ ಕಂಟ್ರೋಲರಿಗೆ ಬಯೋಸ್‌ನಿಂದ ಪ್ರತ್ಯೇಕವಾದ ಒಂದು ಎಂಬಿಯ ಪುಟ್ಟ ಫ್ಲಾಶ್ ಚಿಪ್ ಇದೆ, ಅದರಲ್ಲಿ ಕಂಟ್ರೋಲರನ್ನು ನಡೆಸುವ ತಂತ್ರಾಂಶ, ಅಂದರೆ ಫರ್ಮ್‌ವೇರ್, ಕೂತಿರುತ್ತದೆ. ಹಳೇ ಫರ್ಮ್‌ವೇರಿನ ದೋಷದಿಂದ ಈ ಚಿಪ್‌ಗೆ ಅನಗತ್ಯವಾಗಿ ಬರೆಯುತ್ತಾ ಹೋಗಿ, ಕಾಲಕ್ರಮೇಣ ಕಂಟ್ರೋಲರೇ ಕೆಟ್ಟುಹೋದಂತೆ ವರ್ತಿಸುತ್ತದೆ. ಟಿ480 ಮಾತ್ರವಲ್ಲ, ಅದೇ ಕಾಲದ ಹಲವು ಥಿಂಕ್‌ಪ್ಯಾಡ್‌ಗಳಿಗೆ ಇದು ಅಂಟಿತ್ತು. ಲೆನೊವೊ ತಾನೇ ಇದನ್ನು ಒಪ್ಪಿ, ಫರ್ಮ್‌ವೇರ್ ಅಪ್‌ಡೇಟನ್ನು ತುರ್ತಿನದೆಂದು ಗುರುತಿಸಿ ಪ್ರಕಟಿಸಿದೆ.

ಲಕ್ಷಣಗಳು ಹೀಗಿರುತ್ತವೆ. ಸಿ ಪೋರ್ಟಿನಲ್ಲಿ ಪೆನ್‌ಡ್ರೈವ್, ಡಾಕ್ (ಒಂದೇ ಕೇಬಲ್ಲಿನಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ) ಕಾಣುವುದಿಲ್ಲ. ಎಚ್‌ಡಿಎಂಐ ಮಾನಿಟರ್ ಬರುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಥಂಡರ್‌ಬೋಲ್ಟ್ ಕಂಟ್ರೋಲರ್ ಮಾಯವಾಗಿರುತ್ತದೆ. ಕೆಲವು ಸಲ ಚಾರ್ಜ್ ಆಗುತ್ತದೆ, ಕೆಲವು ಸಲ ಇಲ್ಲ. ಕೊನೆಗೊಂದು ದಿನ ಚಾರ್ಜಿಂಗ್ ಪೂರ್ತಿ ನಿಂತು, ಇದ್ದ ಬ್ಯಾಟರಿ ಖಾಲಿಯಾಗಿ, "ಆನ್ ಆಗ್ತಿಲ್ಲ" ಎಂಬ ಸ್ಥಿತಿಗೆ ಬರುತ್ತದೆ. ಚಾರ್ಜಿಂಗಿಗೆ ಬೇರೆ ಪಿನ್ ಇಟ್ಟಿದ್ದರೆ ಇದು ಒಂದು ಪೋರ್ಟಿನ ತೊಂದರೆಯಾಗಿ ಉಳಿಯುತ್ತಿತ್ತು. ಇಡೀ ಯಂತ್ರದ ಜೀವವನ್ನು ಆ ಎರಡು ಪೋರ್ಟುಗಳಿಗೆ ಕಟ್ಟಿಹಾಕಿದ್ದು ಟಿ480ರ ವಿನ್ಯಾಸದಲ್ಲಿನ ದೊಡ್ಡ ತಪ್ಪು ಎಂದೇ ನಮ್ಮ ಅಭಿಪ್ರಾಯ.

ಯಂತ್ರ ಇನ್ನೂ ಸರಿಯಾಗಿ ನಡೆಯುತ್ತಿದ್ದರೆ ಇವತ್ತೇ ಅಪ್‌ಡೇಟ್ ಮಾಡಿ. ತಳದ ಸ್ಟಿಕರಿನಲ್ಲಿ ಮೆಷಿನ್ ಟೈಪ್ 20ಎಲ್5 ಅಥವಾ 20ಎಲ್6 ಎಂದಿರುತ್ತದೆ. ಲೆನೊವೊ ಸಪೋರ್ಟ್ ತಾಣದಲ್ಲಿ ಅದನ್ನು ಹಾಕಿ, ಮೊದಲು ಥಂಡರ್‌ಬೋಲ್ಟ್ ಡ್ರೈವರ್, ಆಮೇಲೆ ಥಂಡರ್‌ಬೋಲ್ಟ್ ಫರ್ಮ್‌ವೇರ್, ಇದೇ ಕ್ರಮದಲ್ಲಿ ಹಾಕಬೇಕು. ಡಾಕ್, ಮಾನಿಟರ್ ಎಲ್ಲ ತೆಗೆದಿರಿ. ಚಾರ್ಜರ್ ಸಿಕ್ಕಿಸಿರಿ, ಬ್ಯಾಟರಿಯಲ್ಲೂ ಸಾಕಷ್ಟು ಚಾರ್ಜ್ ಇರಲಿ. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಕೈ ಹಾಕಬೇಡಿ, ಮಧ್ಯೆ ಆಫ್ ಮಾಡಲೂಬೇಡಿ. ಡ್ರೈವರ್‌ಗಳನ್ನು ತಾನೇ ಹುಡುಕುವ ಆ್ಯಪ್ "ಎಲ್ಲ ಅಪ್‌ಡೇಟ್ ಆಗಿದೆ" ಎಂದರೂ ನಂಬದೆ, ಥಂಡರ್‌ಬೋಲ್ಟ್ ಸಾಫ್ಟ್‌ವೇರಿನೊಳಗೆ ಕಾಣುವ ಎನ್‌ವಿಎಂ ವರ್ಷನ್ ಅನ್ನು (ಫರ್ಮ್‌ವೇರಿನ ಆವೃತ್ತಿ ಸಂಖ್ಯೆ) ಲೆನೊವೊ ಪುಟದಲ್ಲಿರುವುದರ ಜೊತೆ ಹೋಲಿಸಿ.

ಆಗಲೇ ಕೆಟ್ಟಿದ್ದರೆ? ಕೆಲವು ಯಂತ್ರಗಳು ಅಪ್‌ಡೇಟಿನಿಂದಲೇ ಸರಿಹೋಗುತ್ತವೆ. ಹೋಗದಿದ್ದರೆ ಕಂಪನಿ ಸರ್ವಿಸ್ ಸೆಂಟರಿನ ಉತ್ತರ ಬೋರ್ಡ್ ಬದಲಾವಣೆ. ಹಳೇ ಯಂತ್ರಕ್ಕೆ ಅದು ಲಾಭದ ಬಾಬಲ್ಲ. ಆದರೆ ಆ ಒಂದು ಎಂಬಿ ಚಿಪ್ಪನ್ನು ಪ್ರೋಗ್ರಾಮರ್ ಎಂಬ ಉಪಕರಣದಿಂದ ಮತ್ತೆ ಬರೆಯಬಹುದು. ಬಯೋಸ್ ಚಿಪ್ ಪ್ರೋಗ್ರಾಂ ಮಾಡುವ ಯಾವ ಚಿಪ್ ಲೆವೆಲ್ ಅಂಗಡಿಯಲ್ಲೂ ಈ ಕೆಲಸಕ್ಕೆ ಬೇಕಾದ ಉಪಕರಣ ಇರುತ್ತದೆ. ಹೋಗಿ "ಚಾರ್ಜ್ ಆಗ್ತಿಲ್ಲ" ಎಂದಷ್ಟೇ ಹೇಳದೆ, "ಥಂಡರ್‌ಬೋಲ್ಟ್ ಫರ್ಮ್‌ವೇರ್ ಚಿಪ್ ರೀಫ್ಲಾಶ್ ಮಾಡಬೇಕು, ಬಯೋಸ್ ಚಿಪ್ ಅಲ್ಲ" ಎಂದು ಬಿಡಿಸಿ ಹೇಳಿ. ಇದ್ದ ಫರ್ಮ್‌ವೇರನ್ನು ಮೊದಲು ಓದಿ ಕಾಪಿ ಇಟ್ಟುಕೊಳ್ಳಲು ಕೇಳಿ. ಮನೆಯಲ್ಲೇ ಸಿಎಚ್341ಎ ಪ್ರೋಗ್ರಾಮರ್ ಕ್ಲಿಪ್ ಹಾಕಿ ಮಾಡುವವರಿಗೆ ಒಂದು ಎಚ್ಚರಿಕೆ: ಇದು 3.3 ವೋಲ್ಟಿನ ಚಿಪ್. ಅಗ್ಗದ ಕಪ್ಪು ಬೋರ್ಡಿನ ಪ್ರೋಗ್ರಾಮರುಗಳಲ್ಲಿ ಅನೇಕವು ಡೇಟಾ ಪಿನ್ನುಗಳಿಗೆ 5 ವೋಲ್ಟ್ ಕೊಡುತ್ತವೆ. ಮಲ್ಟಿಮೀಟರಿನಲ್ಲಿ ಅಳೆಯದೆ ಕ್ಲಿಪ್ ಹಾಕಬೇಡಿ. ಎರಡೂ ಬ್ಯಾಟರಿ ಕಳಚಿರಬೇಕು ಎಂಬುದೂ ನೆನಪಿರಲಿ.

ಲೈಟ್ ಇದೆ, ಸ್ಕ್ರೀನ್ ಕಪ್ಪು

ಇಲ್ಲಿ ಮೊದಲ ಅನುಮಾನ ರ‍್ಯಾಮ್ ಮೇಲೆ. ಅದಕ್ಕೂ ಮುಂಚೆ ಸ್ಕ್ರೀನಿನ ದೋಷವೇ ಎಂದು ನೋಡಿಬಿಡಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದರೆ ಮಸುಕಾಗಿ ಲೋಗೋ ಕಂಡರೆ ಬ್ಯಾಕ್‌ಲೈಟ್ ಅಥವಾ ಡಿಸ್‌ಪ್ಲೇ ಕೇಬಲ್ ಹೋಗಿದೆ, ಯಂತ್ರ ಎದ್ದಿದೆ. ಟಿವಿಗೆ ಎಚ್‌ಡಿಎಂಐ ಹಾಕಿಯೂ ನೋಡಬಹುದು. ಆದರೆ ಥಂಡರ್‌ಬೋಲ್ಟ್ ದೋಷವಿದ್ದರೆ ಎಚ್‌ಡಿಎಂಐ ಕೂಡ ಬರದೇ ಇರಬಹುದೆಂದು ಮೇಲೆ ಹೇಳಿದೆವಲ್ಲ, ಹಾಗಾಗಿ ಟಿವಿಯಲ್ಲಿ ಬರಲಿಲ್ಲವೆಂದು ಬೋರ್ಡ್ ಹೋಯಿತೆಂದು ತೀರ್ಮಾನಿಸಬೇಡಿ.

ಕಪ್ಪು ಸ್ಕ್ರೀನಿನ ಜೊತೆ ಬೀಪ್ ಸದ್ದು ಬಂದರೆ ಅದೃಷ್ಟ. ಸ್ಮಾರ್ಟ್‌ಬೀಪ್ ಎಂಬ ವ್ಯವಸ್ಥೆ ಇದರಲ್ಲಿದೆ. ಲೆನೊವೊದ ಡಯಾಗ್ನಾಸ್ಟಿಕ್ಸ್ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು, ಫೋನನ್ನು ಸ್ಪೀಕರಿನ ಹತ್ತಿರ ಹಿಡಿದು, ಎಫ್‌ಎನ್ ಕೀ ಒತ್ತಿದರೆ ಯಂತ್ರ ಆ ಸದ್ದನ್ನು ಮತ್ತೊಮ್ಮೆ ಹೊರಡಿಸುತ್ತದೆ. ಆ್ಯಪ್ ಅದನ್ನು ಕೇಳಿ ದೋಷ ಯಾವುದೆಂದು ತೋರಿಸುತ್ತದೆ. ಬೀಪ್ ಎಣಿಸಿಕೊಂಡು ಕೂರಬೇಕಾಗಿಲ್ಲ. ಸಾಮಾನ್ಯ ಗ್ರಾಹಕನಿಗಾಗಿ ಯಾರೋ ಯೋಚಿಸಿ ಮಾಡಿದ ಕೆಲಸ ಇದು, ಮೆಚ್ಚಲೇಬೇಕು.

ಬೀಪ್ ಇಲ್ಲದಿದ್ದರೆ ಕವರ್ ಬಿಚ್ಚಿ. ಯಂತ್ರ ಬಯೋಸ್‌ವರೆಗಾದರೂ ಹೋಗುತ್ತಿದ್ದರೆ, ಬಿಚ್ಚುವ ಮುಂಚೆ ಎಫ್1 ಒತ್ತಿ ಬಯೋಸ್‌ಗೆ ಹೋಗಿ, ಕಾನ್ಫಿಗ್, ಅದರೊಳಗೆ ಪವರ್, ಅಲ್ಲಿ ಡಿಸೇಬಲ್ ಬಿಲ್ಟ್ ಇನ್ ಬ್ಯಾಟರಿ ಆರಿಸಿ. ಯಂತ್ರ ತಾನೇ ಆಫ್ ಆಗುತ್ತದೆ, ಮತ್ತೆ ಚಾರ್ಜರ್ ಹಾಕುವವರೆಗೆ ಒಳಬ್ಯಾಟರಿ ಮಲಗಿರುತ್ತದೆ. ಸ್ಕ್ರೀನೇ ಇಲ್ಲದಾಗ ಇದು ಆಗದ ಮಾತು. ಆಗ ಕವರ್ ತೆಗೆದ ಕೂಡಲೇ, ಬೇರೆ ಯಾವುದನ್ನೂ ಮುಟ್ಟುವ ಮುಂಚೆ, ಒಳಬ್ಯಾಟರಿಯ ಕನೆಕ್ಟರ್ ಕಳಚಿ. ಕರೆಂಟ್ ಇರುವ ಬೋರ್ಡಿನಿಂದ ರ‍್ಯಾಮ್ ಎಳೆದರೆ ಸಣ್ಣ ದೋಷ ದೊಡ್ಡದಾಗುತ್ತದೆ.

ಬಿಚ್ಚುವ ರೀತಿ ಹೀಗೆ: ಹಿಂದಿನ ಬ್ಯಾಟರಿಯನ್ನು ಮೊದಲು ತೆಗೆಯಿರಿ. ತಳದ ಸ್ಕ್ರೂಗಳು ಕವರಿನಲ್ಲೇ ಉಳಿಯುವಂಥವು, ಸಡಿಲ ಮಾಡಿದರೆ ಸಾಕು, ಪೂರ್ತಿ ಹೊರಗೆ ಬರಲಿ ಎಂದು ಎಳೆಯಬೇಡಿ. ಅಂಚಿನಲ್ಲಿ ಹಳೇ ಎಟಿಎಂ ಕಾರ್ಡ್ ತೂರಿಸಿ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ. ಲೋಹದ ಸ್ಕ್ರೂಡ್ರೈವರ್ ತೂರಿಸಿದರೆ ಪ್ಲಾಸ್ಟಿಕ್ಕೂ ಹಾಳು, ಒಳಗಿನ ತಂತಿಗೂ ಅಪಾಯ.

ರ‍್ಯಾಮ್ ಎರಡೂ ತೆಗೆಯಿರಿ. ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಕಪ್ಪು ಅಥವಾ ಮಂಕು ಪದರ ಇದೆಯೇ ನೋಡಿ. ಕರಾವಳಿ, ಮಲೆನಾಡಿನ ಕಡೆ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟ ಯಂತ್ರಗಳಲ್ಲಿ ಇದು ಹೆಚ್ಚು. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸುವುದು ಉತ್ತಮ. ಪೆನ್ಸಿಲ್ ರಬ್ಬರಿನಿಂದ ಉಜ್ಜುವವರು ಅದರ ಪುಡಿ ಸ್ಲಾಟಿನೊಳಗೆ ಬೀಳದಂತೆ ದೂರ ಹೋಗಿ ಉಜ್ಜಿ. ಈಗ ಒಂದೇ ರ‍್ಯಾಮನ್ನು ಒಂದು ಸ್ಲಾಟಿಗೆ ಓರೆಯಾಗಿ ತೂರಿಸಿ, ಎರಡೂ ಬದಿಯ ಕೊಂಡಿ "ಕಟ್" ಎನ್ನುವವರೆಗೆ ಒತ್ತಿ. ಎಸ್‌ಎಸ್‌ಡಿ ಬೇಡ, ವೈಫೈ ಕಾರ್ಡ್ ಬೇಡ, ಬ್ಯಾಟರಿ ಬೇಡ. ಒಂದು ರ‍್ಯಾಮ್, ಚಾರ್ಜರ್, ಇಷ್ಟೇ ಇಟ್ಟು ಆನ್ ಮಾಡಿ. ಏಳದಿದ್ದರೆ ಇನ್ನೊಂದು ಸ್ಲಾಟ್, ಆಮೇಲೆ ಇನ್ನೊಂದು ರ‍್ಯಾಮ್. ಪ್ರತಿ ಬದಲಾವಣೆಗೂ ಚಾರ್ಜರ್ ತೆಗೆದು ಹಾಕಬೇಕು. ರ‍್ಯಾಮ್ ಬದಲಿಸಿದ ಮೇಲಿನ ಮೊದಲ ಬೂಟಿನಲ್ಲಿ ಸ್ಕ್ರೀನ್ ಒಂದು ನಿಮಿಷದವರೆಗೂ ಕಪ್ಪಾಗಿರಬಹುದು, ತಾನೇ ಒಮ್ಮೆ ಆಫ್ ಆಗಿ ಆನ್ ಆಗಬಹುದು. ಅದು ಹೊಸ ರ‍್ಯಾಮಿನ ಲೆಕ್ಕ ಹಾಕಿಕೊಳ್ಳುತ್ತಿರುತ್ತದೆ. ಹತ್ತು ಸೆಕೆಂಡಿಗೆ ತಾಳ್ಮೆಗೆಟ್ಟು ಪವರ್ ಬಟನ್ ಒತ್ತುವುದೇ ಇಲ್ಲಿ ಹೆಚ್ಚಿನವರು ಮಾಡುವ ತಪ್ಪು.

ಎರಡು ಸ್ಲಾಟುಗಳ ಬೆಲೆ ಗೊತ್ತಾಗುವುದು ಈ ಹಂತದಲ್ಲಿ. ಇದೇ ಯಂತ್ರದ ತೆಳು ರೂಪವಾದ ಟಿ480ಎಸ್‌ನಲ್ಲಿ ರ‍್ಯಾಮಿನ ಒಂದು ಭಾಗ ಬೋರ್ಡಿನ ಮೇಲೆಯೇ ಇದೆ. ಅದು ಕೆಟ್ಟರೆ ತೆಗೆದು ನೋಡುವ ದಾರಿಯೇ ಇಲ್ಲ.

ನಂಬರ್ ತೋರಿಸಿ ನಿಂತರೆ

ಥಿಂಕ್‌ಪ್ಯಾಡ್ ಲೋಗೋ ದಾಟುವ ಮುನ್ನ ನಾಲ್ಕಂಕಿಯ ಎರರ್ ತೋರಿಸಿದರೆ ಕೆಲಸ ಸುಲಭ. 0271 ಎಂದರೆ ದಿನಾಂಕ, ಸಮಯ ತಪ್ಪಿದೆ. ಒಮ್ಮೆ ಬಯೋಸ್‌ನಲ್ಲಿ ಸರಿಮಾಡಿದರೂ ಮತ್ತೆ ಬಂದರೆ ಕಾಯಿನ್ ಸೆಲ್ ಮುಗಿದಿದೆ. 0251 ಬಂದರೂ ಮೊದಲು ಅದೇ ಸೆಲ್ ನೋಡಿ. ಸಿಆರ್2032 ಸೆಲ್ ಆದರೂ ಗಡಿಯಾರದ ಅಂಗಡಿಯ ಬರಿ ಸೆಲ್ ಇಲ್ಲಿ ಕೂರುವುದಿಲ್ಲ, ತಂತಿ ಮತ್ತು ಕನೆಕ್ಟರ್ ಸಮೇತ ಬರುವ ಸೆಲ್ ತೆಗೆದುಕೊಳ್ಳಿ. 0190 ಎಂದರೆ ಬ್ಯಾಟರಿ ತೀರಾ ಇಳಿದಿದೆ. ಚಾರ್ಜರ್ ಹಾಕಿ ಅರ್ಧ ಗಂಟೆ ಬಿಟ್ಟುಬಿಡಿ.

2100 ಎಂದರೆ ಡಿಸ್ಕ್ ಕಾಣುತ್ತಿಲ್ಲ. ತಕ್ಷಣ ಹೊಸ ಎಸ್‌ಎಸ್‌ಡಿ ತರಬೇಡಿ. ಟಿ480ರಲ್ಲಿ ಎಸ್‌ಎಸ್‌ಡಿ ಬೋರ್ಡಿಗೆ ನೇರವಾಗಿ ಕೂರುವುದಿಲ್ಲ, ಚಪ್ಪಟೆ ಕೇಬಲ್ಲಿನ ಮೂಲಕ ಸೇರುತ್ತದೆ. ಅಂಗಡಿಯಲ್ಲಿ ಎಸ್‌ಎಸ್‌ಡಿ ಬದಲಿಸುವಾಗ ಆ ಕೇಬಲ್ ಅರ್ಧ ಕೂತಿದ್ದು, ನಾಲ್ಕು ದಿನ ಬ್ಯಾಗಿನಲ್ಲಿ ಕುಲುಕಿದ ಮೇಲೆ ಬಿಟ್ಟುಹೋಗುವುದು ತೀರಾ ಸಾಮಾನ್ಯ. ಕೇಬಲ್ ತೆಗೆದು ಮತ್ತೆ ಒತ್ತಿ ಕೂರಿಸಿ ನೋಡಿ.

ಫ್ಯಾನ್ ಎರರ್ ಎಂದು ಬಂದು ಆಫ್ ಆದರೆ ಫ್ಯಾನ್ ತಿರುಗುತ್ತಿಲ್ಲ. ಧೂಳು ತೆಗೆದೂ ತಿರುಗದಿದ್ದರೆ ಹೀಟ್‌ಸಿಂಕ್ ಸಮೇತ ಬದಲಿಸಬೇಕು. ಎನ್‌ವಿಡಿಯಾ ಎಂಎಕ್ಸ್150 ಗ್ರಾಫಿಕ್ಸ್ ಇರುವ ಯಂತ್ರದ ಹೀಟ್‌ಸಿಂಕೇ ಬೇರೆ, ಇಲ್ಲದ್ದರದೇ ಬೇರೆ. ಆರ್ಡರ್ ಮಾಡುವಾಗ ನಿಮ್ಮದು ಯಾವುದೆಂದು ಹೇಳಿ.

ಲೋಗೋ ಬಂದು, ವಿಂಡೋಸ್ ಬರದಿದ್ದರೆ

ಕೀಗಳ ಹೆಸರು ಬಿಟ್ಟರೆ ಇಲ್ಲಿಂದ ಮುಂದಿನದು ಹೆಚ್ಚಿನ ವಿಂಡೋಸ್ ಲ್ಯಾಪ್‌ಟಾಪುಗಳಿಗೂ ಹೊಂದುವ ಮಾತು. ಲೋಗೋ ಬಂದಾಗ ಎಂಟರ್ ಒತ್ತಿದರೆ ಟಿ480 ಒಂದು ಪಟ್ಟಿ ತೋರಿಸುತ್ತದೆ. ಎಫ್1 ಬಯೋಸ್‌ಗೆ, ಎಫ್10 ಹಾರ್ಡ್‌ವೇರ್ ಪರೀಕ್ಷೆಗೆ, ಎಫ್12 ಯಾವುದರಿಂದ ಬೂಟ್ ಆಗಬೇಕೆಂದು ಆರಿಸಲು. ಎಫ್12 ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಇಲ್ಲದೆ, ಎಸ್‌ಎಸ್‌ಡಿಯ ಹೆಸರು ಮಾತ್ರ ಇದ್ದರೆ ಬೂಟ್ ಫೈಲುಗಳು ಹಾಳಾಗಿವೆ ಅಥವಾ ಬಯೋಸ್ ಸೆಟ್ಟಿಂಗ್ ಹೊಂದುತ್ತಿಲ್ಲ. ಮಾರುವವರು ಹಳೇ ಡಿಸ್ಕನ್ನು ಲೆಗಸಿ ಎಂಬ ಹಳೇ ಬೂಟ್ ಮೋಡಿನಲ್ಲಿ ಕ್ಲೋನ್ (ತದ್ರೂಪು ನಕಲು) ಮಾಡಿ ಹಾಕಿರುತ್ತಾರೆ. ಬಯೋಸ್ ಡೀಫಾಲ್ಟಿಗೆ ಹೋಗಿ ಹೊಸ ಬೂಟ್ ವಿಧಾನವಾದ ಯುಇಎಫ್‌ಐ ಒಂದೇ ಆದಾಗ ಡಿಸ್ಕ್ ಬೂಟ್ ಆಗುವುದಿಲ್ಲ. ಸ್ಟಾರ್ಟಪ್ ಟ್ಯಾಬಿನಲ್ಲಿ ಅದನ್ನು ಬೋತ್ ಎಂದು ಬದಲಿಸಿ ನೋಡಿ. ಎದ್ದರೆ, ಡೇಟಾ ಬ್ಯಾಕಪ್ ಮಾಡಿಕೊಂಡು ಯುಇಎಫ್‌ಐ ಮೋಡಿನಲ್ಲಿ ವಿಂಡೋಸ್ ಹೊಸದಾಗಿ ಹಾಕಿಕೊಳ್ಳುವುದೇ ಲೇಸು.

ಬೂಟ್ ಫೈಲು ಹಾಳಾಗಿದ್ದರೆ, ಇನ್ನೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದ ಕನಿಷ್ಠ 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಎಫ್12ರಿಂದ ಅದನ್ನು ಬೂಟ್ ಮಾಡಿ. ಮೊದಲು ರಿಪೇರಿ ಆಯ್ಕೆಯಲ್ಲಿ ಸ್ಟಾರ್ಟಪ್ ರಿಪೇರಿ. ಅದರಿಂದ ಆಗದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಡಿಸ್ಕ್‌ಪಾರ್ಟ್ ತೆರೆದು, ಸಾಮಾನ್ಯವಾಗಿ 100 ಎಂಬಿ ಆಸುಪಾಸಿನ ಫ್ಯಾಟ್32 ಪಾರ್ಟಿಷನ್ ಹುಡುಕಿ ಅದಕ್ಕೊಂದು ಡ್ರೈವ್ ಅಕ್ಷರ ಕೊಟ್ಟು, ಬಿಸಿಡಿಬೂಟ್ ಕಮಾಂಡಿನಿಂದ ಬೂಟ್ ಫೈಲುಗಳನ್ನು ಹೊಸದಾಗಿ ಬರೆಸಬಹುದು. ವಿಂಡೋಸ್ ಇರುವ ಡ್ರೈವ್ ಇಲ್ಲಿ ಸಿ ಆಗಿರದೆ ಡಿ ಅಥವಾ ಇ ಆಗಿರಬಹುದು, ಫೋಲ್ಡರ್ ತೆರೆದು ಖಾತ್ರಿ ಮಾಡಿಕೊಳ್ಳಿ. ಫಾರ್ಮ್ಯಾಟ್ ಎಂಬ ಪದ ಎಲ್ಲಿ ಕಂಡರೂ ನಿಂತು ಎರಡು ಸಲ ಓದಿ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಿದರೆ, ಅದು ವಿಂಡೋಸ್‌ಗೆ ಸೈನ್ ಇನ್ ಆಗಿದ್ದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಬೋರ್ಡ್ ಬದಲಿಸಿದರೆ ಈ ಕೀ ಕೇಳಿಯೇ ಕೇಳುತ್ತದೆ, ಏಕೆಂದರೆ ಬೀಗದ ಕೈ ಇಟ್ಟುಕೊಂಡ ಟಿಪಿಎಂ ಎಂಬ ಭದ್ರತಾ ಚಿಪ್ ಹಳೇ ಬೋರ್ಡಿನ ಜೊತೆ ಹೋಗಿಬಿಟ್ಟಿರುತ್ತದೆ. ಸರ್ವಿಸಿಗೆ ಕೊಡುವ ಮುಂಚೆ ಆ ಕೀ ನಿಮ್ಮ ಕೈಯಲ್ಲಿರಲಿ. ಎಸ್‌ಎಸ್‌ಡಿ ಬಿಚ್ಚಿ ಮನೆಯಲ್ಲೇ ಇಟ್ಟುಕೊಂಡು ಬರಿ ಯಂತ್ರವನ್ನು ಕೊಟ್ಟರೆ ಇನ್ನೂ ಒಳ್ಳೆಯದು. ಚಾರ್ಜಿಂಗ್ ಅಥವಾ ಡಿಸ್‌ಪ್ಲೇ ದೋಷ ನೋಡಲು ನಿಮ್ಮ ಫೋಟೋಗಳಿರುವ ಡಿಸ್ಕ್ ಯಾರಿಗೂ ಬೇಕಾಗಿಲ್ಲ.

ಕೊಳ್ಳುವಾಗ ಅಂಗಡಿಯಲ್ಲೇ ಮಾಡಬೇಕಾದ್ದು

ಎರಡೂ ಸಿ ಪೋರ್ಟಿಗೆ ಚಾರ್ಜರ್ ಹಾಕಿ ನೋಡಿ. ಥಂಡರ್‌ಬೋಲ್ಟ್ ಪೋರ್ಟಿಗೆ ಒಂದು ಯುಎಸ್‌ಬಿ ಸಿ ಪೆನ್‌ಡ್ರೈವ್, ಎಚ್‌ಡಿಎಂಐಗೆ ಮಾನಿಟರ್ ಹಾಕಿಸಿ. ಮೂರೂ ಕೆಲಸ ಮಾಡಿದರೆ ಮಾತ್ರ ಮುಂದಿನ ಮಾತು.

ಎಫ್1 ಒತ್ತಿ ಬಯೋಸ್‌ನ ಸೆಕ್ಯೂರಿಟಿ ಟ್ಯಾಬಿಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಡಿಸೇಬಲ್ಡ್ ಎಂದಿರಲೇಬೇಕು. ಪಾಸ್‌ವರ್ಡ್ ಕೇಳಿದರೆ, "ಅದೇನೂ ಆಗಲ್ಲ ಸರ್, ಎಂಟರ್ ಒತ್ತಿದರೆ ಹೋಗುತ್ತೆ" ಎಂಬ ಮಾತಿಗೆ ಒಪ್ಪಬೇಡಿ. ಕಾಯಿನ್ ಸೆಲ್ ತೆಗೆದರೆ ಈ ಪಾಸ್‌ವರ್ಡ್ ಅಳಿಯುವುದಿಲ್ಲ, ಕಂಪನಿ ಹೇಳುವ ಪರಿಹಾರ ಬೋರ್ಡ್ ಬದಲಾವಣೆಯೇ. ಈ ಬೀಗ ಇದ್ದರೆ, ಮೇಲೆ ಹೇಳಿದ ಬೂಟ್ ಸೆಟ್ಟಿಂಗುಗಳನ್ನು ಬೇಕಾದ ದಿನ ಬದಲಿಸಲು ಆಗುವುದಿಲ್ಲ. ಅದೇ ಟ್ಯಾಬಿನಲ್ಲಿ, ಕಳುವಾದ ಯಂತ್ರವನ್ನು ದೂರದಿಂದ ಪತ್ತೆ ಮಾಡುವ ಕಂಪ್ಯೂಟ್ರೇಸ್ ಆ್ಯಕ್ಟಿವೇಟೆಡ್ ಆಗಿಲ್ಲ ಎಂದೂ ನೋಡಿಕೊಳ್ಳಿ. ವಿಂಡೋಸ್ ಹೊಸದಾಗಿ ಹಾಕಿ ಇಂಟರ್ನೆಟ್ ಕೊಟ್ಟಾಗ ಯಾವುದೋ ಕಂಪನಿಯ ಹೆಸರಿನ ಲಾಗಿನ್ ಪುಟ ಬಂದರೆ, ಯಂತ್ರ ಇನ್ನೂ ಆ ಕಂಪನಿಯ ಪಟ್ಟಿಯಲ್ಲಿದೆ. ಅದನ್ನು ತೆಗೆಯಲು ಆ ಕಂಪನಿಯವರಿಗೆ ಮಾತ್ರ ಸಾಧ್ಯ. ಅಂಥದ್ದನ್ನು ವಾಪಸ್ ಕೊಟ್ಟುಬಿಡಿ.

ವಿಂಡೋಸ್‌ನ ಪವರ್‌ಸಿಎಫ್‌ಜಿ ಕಮಾಂಡಿನಿಂದ ಬ್ಯಾಟರಿ ರಿಪೋರ್ಟ್ ತೆಗೆದರೆ ಎರಡೂ ಬ್ಯಾಟರಿಯ ಲೆಕ್ಕ ಬೇರೆಬೇರೆಯಾಗಿ ಬರುತ್ತದೆ. ಒಳಗಿನದರ ಮೂಲ ಸಾಮರ್ಥ್ಯ 24,000 ಮಿಲಿವಾಟ್ ಅವರ್ ಆಸುಪಾಸು. ಈಗ ಅದು ಅರ್ಧಕ್ಕಿಂತ ಕೆಳಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳಿ. ಒಳಬ್ಯಾಟರಿ ಗಟ್ಟಿಯಿದ್ದರೆ ಮಾತ್ರ ಯಂತ್ರ ನಡೆಯುತ್ತಿರುವಾಗಲೇ ಹಿಂದಿನ ಬ್ಯಾಟರಿ ಬದಲಿಸುವ ಸೌಲಭ್ಯ ಉಪಯೋಗಕ್ಕೆ ಬರುತ್ತದೆ, ಇಲ್ಲದಿದ್ದರೆ ತೆಗೆದ ಕ್ಷಣವೇ ಆಫ್ ಆಗುತ್ತದೆ. ಹಿಂದಿನ ಬ್ಯಾಟರಿ 24, 48, 72 ವಾಟ್ ಅವರ್ ಎಂಬ ಮೂರು ಅಳತೆಯಲ್ಲಿದೆ. 72ರದ್ದು ದಪ್ಪವಾಗಿ ಕೆಳಗೆ ಚಾಚಿಕೊಂಡು ಯಂತ್ರವನ್ನು ಹಿಂದಿನಿಂದ ಎತ್ತಿ ನಿಲ್ಲಿಸುತ್ತದೆ, ಟೈಪ್ ಮಾಡುವವರಿಗೆ ಅದು ಹಿತವೇ. ಅಸಲಿಯಲ್ಲದ ಬ್ಯಾಟರಿ ಹಾಕಿದರೆ "ಈ ಬ್ಯಾಟರಿಗೆ ಬೆಂಬಲವಿಲ್ಲ, ಚಾರ್ಜ್ ಆಗುವುದಿಲ್ಲ" ಎಂಬ ಅರ್ಥದ ಸಂದೇಶ ಲೋಗೋದ ಹೊತ್ತಿಗೇ ಬರಬಹುದು. ಮಾರುವವರ ಎದುರಿಗೇ ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿಕೊಳ್ಳಿ.

8ನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಮಾತ್ರ ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲ ಉಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇದು ಮುಖ್ಯ. ಟಿ480 ಹೆಸರಿನಲ್ಲೇ 7ನೇ ತಲೆಮಾರಿನ ಐ5 ಇರುವ ಯಂತ್ರಗಳೂ ಮಾರಾಟಕ್ಕೆ ಬರುತ್ತವೆ, ಪ್ರೊಸೆಸರ್ ನಂಬರ್ 8ರಿಂದ ಶುರುವಾಗುತ್ತದೆಯೇ ಓದಿ. ವಿಡಿಯೋ ಎಡಿಟಿಂಗ್, ಭಾರದ ಗೇಮ್ ಬೇಕಾದವರಿಗೆ ಇದು ಸಾಲದು. ಹೊಸದನ್ನೇ ಕೊಳ್ಳುವ ಶಕ್ತಿ ಇದ್ದವರು 2024ರ ಟಿ14 ಐದನೇ ತಲೆಮಾರನ್ನು ನೋಡಬಹುದು, ಅದರಲ್ಲಿ ಎರಡು ರ‍್ಯಾಮ್ ಸ್ಲಾಟುಗಳು ಮರಳಿ ಬಂದಿವೆ. ಓದುವ ಮಕ್ಕಳಿಗೆ, ಸಣ್ಣ ಆಫೀಸಿಗೆ, ಊರಿನಲ್ಲಿ ಸರ್ವಿಸ್ ಸೆಂಟರ್ ದೂರ ಇರುವವರಿಗೆ ಟಿ480 ಧೈರ್ಯವಾಗಿ ಕೊಳ್ಳಬಹುದಾದ ಯಂತ್ರ. ಮನೆಗೆ ತಂದ ದಿನ, ವಿಂಡೋಸ್ ಅಪ್‌ಡೇಟಿಗೂ ಮುಂಚೆ, ಥಂಡರ್‌ಬೋಲ್ಟ್ ಫರ್ಮ್‌ವೇರ್ ಹಾಕಿ.